ಕುಂದಾಣ ಹೋಬಳಿಯ ಕೆಂಪು ನಕ್ಷೆ

ನಕ್ಷೆಗೆ ಕೆಂಪು ಬಣ್ಣ ಆರಿಸಿದವಳು ನಾನೇ. ಅಪಾಯವೆಂದರೆ ಕೆಂಪು ಎಂದು ನಾನು ಓದಿದ ಪುಸ್ತಕಗಳೆಲ್ಲ ಹೇಳಿಕೊಟ್ಟಿದ್ದವು. ಆ ಊರಿನವರು ನಕ್ಷೆಯ ಮೇಲೆ ಕೆಂಪು ಕಂಡರೆ ಏನೆಂದುಕೊಳ್ಳುತ್ತಾರೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವಳು. ಬೆಂಗಳೂರಿನಲ್ಲಿ ಅಂತರ್ಜಲದ ಬಗ್ಗೆ ಪಿಎಚ್.ಡಿ. ಮಾಡುವಾಗ ಕುಂದಾಣ ಹೋಬಳಿಯ ಒಂದು ಊರನ್ನು ಅಧ್ಯಯನಕ್ಕೆ ಆರಿಸಿಕೊಂಡಿದ್ದೆ. ಸ್ಕೂಟರಿನಲ್ಲಿ ಬಾಟಲಿಗಳನ್ನು ಹೇರಿಕೊಂಡು ಹೋಗಿ, ಒಂದೊಂದು ಬೋರ್‌ವೆಲ್‌ನಿಂದಲೂ ನೀರು ಹಿಡಿದು ತಂದು ಪ್ರಯೋಗಾಲಯಕ್ಕೆ ಕೊಡುತ್ತಿದ್ದೆ. ಎರಡು ವರ್ಷದ ಕೊನೆಗೆ ಒಂದು ವಿಷಯ ಸ್ಪಷ್ಟವಾಯಿತು. ಊರಿನ ಕೆಳಗಡೆ ಕೇರಿಯ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮಿತಿಮೀರಿ ಸೇರಿತ್ತು. ತಿಪ್ಪೆ, ಪಾಯಿಖಾನೆ ಗುಂಡಿ, ಹೊಲಕ್ಕೆ ಎರಚಿದ ಯೂರಿಯಾ, ಎಲ್ಲದರ ಸಾರವೂ ನೆಲಕ್ಕಿಳಿದು ಆ ನೀರನ್ನೇ ಮುಟ್ಟುತ್ತಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ದೊಡ್ಡವರಿಗೆ ಕುಡಿದ ತಕ್ಷಣ ಏನೂ ಆಗುವುದಿಲ್ಲ. ಆದರೆ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಅದು ವಿಷ. ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಕುದಿದು ಆವಿಯಾದಷ್ಟೂ ನೈಟ್ರೇಟ್ ಇನ್ನಷ್ಟು ದಟ್ಟವಾಗುತ್ತದೆ.

ಅದೇ ಕೇರಿಯ ಒಂದು ಮನೆಯಲ್ಲಿ ಅವಳಿ ಮಕ್ಕಳಿದ್ದವು, ಎರಡು ತಿಂಗಳವು. ತಾಯಿಗೆ ಇಬ್ಬರಿಗೂ ಆಗುವಷ್ಟು ಹಾಲಿರಲಿಲ್ಲ. ನಾನು ನೀರು ಹಿಡಿಯಲು ಹೋದ ದಿನ ಅವಳ ಅತ್ತೆ ಒಲೆಯ ಮುಂದೆ ಕೂತು ಪಾತ್ರೆಯಲ್ಲಿ ನೀರು ಕುದಿಸುತ್ತಿದ್ದರು.

"ಹಾಲಿನ ಪುಡಿ ಕಲಸೋಕೆ," ಎಂದರು. "ಅರ್ಧ ಇಳಿಯೋ ತನಕ ಕುದಿಸ್ತೀನಿ ಕಣವ್ವ. ಒಂದು ಹುಳಾನೂ ಉಳಿಯಂಗಿಲ್ಲ."

"ಅಜ್ಜಿ, ಈ ನೀರು ಬೇಡ. ಊರಿನ ಶುದ್ಧ ನೀರಿನ ಘಟಕದಿಂದ ಫಿಲ್ಟರ್ ನೀರು ತಂದು ಕೊಡಿ. ಕುದಿಸಿದರೆ ಇದು ಇನ್ನೂ ಕೆಟ್ಟದ್ದಾಗುತ್ತೆ."

ಅವರು ನಕ್ಕರು. "ಕುದಿಸಿದ್ರೆ ಕೆಟ್ಟದ್ದಾಗ್ತದಾ? ಆ ಮಿಷಿನ್ ನೀರು ಕುಡಿದ್ರೆ ಮಕ್ಳಿಗೆ ಶೀತ ಆಗ್ತದೆ. ನನ್ ಮಕ್ಳೆಲ್ಲ ಈ ಊರ ನೀರು ಕುಡ್ದೇ ಬೆಳೆದವ್ರು."

ಆಕೆ ತನ್ನ ಮಕ್ಕಳನ್ನು ಬೆಳೆಸಿದ್ದು ತೆರೆದ ಬಾವಿಯ ನೀರಿನಲ್ಲಿ. ಆ ಬಾವಿ ಮುಚ್ಚಿ ವರ್ಷಗಳಾಗಿದ್ದವು. ಅದನ್ನು ಹೇಳಿದೆ. ಕೇಳಿಸಿಕೊಂಡು, ಕಾಫಿ ಕೊಟ್ಟು ಕಳಿಸಿದರು.

ನನ್ನ ಗೈಡ್‌ಗೆ ಫೋನು ಮಾಡಿದೆ. "ಪ್ರಬಂಧ ಸಂಶೋಧನಾ ಪತ್ರಿಕೆಗೆ ಹೋಗಿದೆ. ಅದು ಬರಲಿ, ಆಮೇಲೆ ಜನರಿಗೆ ಹೇಳೋಣ," ಎಂದರು. ಅದು ಯಾವಾಗ ಬರುತ್ತದೋ ಅವರಿಗೂ ಗೊತ್ತಿರಲಿಲ್ಲ. ನಾನು ಕಾಯಲಿಲ್ಲ. ಪಂಚಾಯಿತಿಯಲ್ಲಿ ಸಭೆ ಕರೆಸಿ, ಪ್ರೊಜೆಕ್ಟರ್ ಹಚ್ಚಿ, ಗ್ರಾಫುಗಳನ್ನು ತೋರಿಸುತ್ತ ಮುಕ್ಕಾಲು ಗಂಟೆ ಮಾತಾಡಿದೆ. ನೀಲಿ ಕಂಬಗಳು, ಹಸಿರು ಕಂಬಗಳು, ಅಡ್ಡಕ್ಕೆ ಚುಕ್ಕಿಯ ಗೆರೆ. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಕೈಯೆತ್ತಿ ಕೇಳಿದರು. "ಎಲ್ಲಾ ಚೆನ್ನಾಗಿ ಹೇಳಿದ್ರಿ ತಾಯಿ. ಈಗ ನಮ್ ಜಮೀನಲ್ಲಿ ಎಷ್ಟಡಿಗೆ ಬೋರ್ ಹೊಡಿಸಿದ್ರೆ ನೀರು ಬೀಳ್ತದೆ, ಅದನ್ನ ಹೇಳಿ." ಎಲ್ಲರೂ ನನ್ನನ್ನು ಆಸೆಯಿಂದ ನೋಡಿದರು. ನಾನು ಲೇಸರ್ ಪೆನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ.

ಗ್ರಾಫ್ ಬೇಡ, ಚಿತ್ರ ಬೇಕು ಎನ್ನಿಸಿದ್ದು ಆಗ. ಊರಿನ ಗ್ರಾಮನಕ್ಷೆಯನ್ನೇ ದೊಡ್ಡದಾಗಿ ಮುದ್ರಿಸಿದೆ. ಜನಕ್ಕೆ ತಮ್ಮ ಜಾಗ ಗುರುತು ಸಿಗಲಿ ಎಂದು ಸರ್ವೆ ನಂಬರುಗಳನ್ನೂ ಉಳಿಸಿಕೊಂಡೆ. ಒಳ್ಳೆಯ ನೀರಿನ ಕಡೆ ಹಸಿರು, ಕೆಟ್ಟ ನೀರಿನ ಕಡೆ ಕೆಂಪು. ಅಡಿಯಲ್ಲಿ ನಾಲ್ಕು ಸಾಲು ಕನ್ನಡ. ಒಂದು ಸಂಜೆ ಹೋಗಿ ಹಾಲಿನ ಡೈರಿಯ ಗೋಡೆಗೆ ಅಂಟಿಸಿ ಬಂದೆ. ದಿನಕ್ಕೆರಡು ಸಲ ಇಡೀ ಊರು ಬಂದುಹೋಗುವ ಜಾಗ ಅದು.

ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಡೈರಿಯ ಮುಂದೆ ಜನ ಕಿಕ್ಕಿರಿದಿದ್ದರು. ಕ್ಯಾನುಗಳು ನೆಲದಲ್ಲಿದ್ದವು, ಹಾಲು ಹಾಕುವವರು ಯಾರೂ ಇರಲಿಲ್ಲ. ನಾನು ಸ್ಕೂಟರಿನಿಂದ ಇಳಿಯುವ ಮೊದಲೇ ಒಬ್ಬರು ಅಡ್ಡ ಬಂದರು. ಅವಳಿ ಮಕ್ಕಳ ತಾತ.

"ನೀರು ನೋಡ್ತೀನಿ, ನೀರು ನೋಡ್ತೀನಿ ಅಂತ ಎರಡು ವರ್ಷ ನಮ್ಮನೇಲಿ ಕಾಫಿ ಕುಡಿದ್ಯಲ್ಲಮ್ಮ. ಜಮೀನು ಗುರ್ತು ಮಾಡೋಕೆ ಬಂದಿದ್ದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಚನ್ನರಾಯಪಟ್ಟಣ ಹೋಬಳಿಯವರು ಸರ್ಕಾರ ಕೈಗಾರಿಕೆಗೆಂದು ಗುರುತು ಮಾಡಿದ ತಮ್ಮ ಭೂಮಿ ಉಳಿಸಿಕೊಳ್ಳಲು ವರ್ಷಗಟ್ಟಲೆ ಧರಣಿ ಕೂತದ್ದನ್ನು ಈ ಊರಿನವರೆಲ್ಲ ಕಂಡಿದ್ದರು. ಸರ್ವೆ ನಂಬರಿನ ಮೇಲೆ ಬಣ್ಣ ಬಿತ್ತೆಂದರೆ ಅವರಿಗೆ ಒಂದೇ ಅರ್ಥ: ಜಮೀನು ಹೋಯಿತು. ನನ್ನ ನಾಲ್ಕು ಸಾಲು ಕನ್ನಡವನ್ನು ಯಾರೂ ಓದಿರಲಿಲ್ಲ. "ನಮ್ದು ಕೆಂಪಲ್ಲಿದೆ, ನಿಮ್ದು?" ಎಂಬ ಮಾತು ಕೇರಿಯಿಂದ ಕೇರಿಗೆ ಹೋಗಿತ್ತು. ಒಬ್ಬ ಹೆಂಗಸು ಗೋಡೆಗೊರಗಿ ಕೂತು ಅಳುತ್ತಿದ್ದಳು. ನಾನು ನೈಟ್ರೇಟ್ ಎಂದೆ, ಕೂಸುಗಳು ಎಂದೆ, ಆಣೆ ಇಟ್ಟೆ. ಯಾರೋ ನಕ್ಷೆಯನ್ನು ಹರಿದರು. ಯಾರೋ ನನ್ನ ಬಾಟಲಿಗಳ ಚೀಲವನ್ನು ಸ್ಕೂಟರಿನಿಂದ ಇಳಿಸಿ ಚರಂಡಿಯ ಪಕ್ಕ ಇಟ್ಟು, "ಇನ್ನು ಈ ಕಡೆ ಬರಬೇಡಿ," ಎಂದರು.

ಗೈಡ್‌ಗೆ ಸಂಜೆಯೊಳಗೆ ವಿಷಯ ಮುಟ್ಟಿತ್ತು. "ಆ ಊರಿನ ಕೆಲಸ ನಿಲ್ಲಿಸಿ," ಎಂದಷ್ಟೇ ಹೇಳಿದರು.

ನಾಲ್ಕು ದಿನ ಕಳೆದು, ಊಟ ಸೇರದೆ, ಮತ್ತೆ ಹೋದೆ. ಆ ಮನೆಯ ತಾತ ಬಾಗಿಲಲ್ಲೇ ನಿಂತರು. ಅವರ ಭುಜದ ಹಿಂದೆ ಸೊಸೆ ಅವಳಿಗಳಲ್ಲಿ ಚಿಕ್ಕ ಕೂಸನ್ನು ಎತ್ತಿಕೊಂಡಿದ್ದಳು. ಅದರ ತುಟಿ ಮತ್ತು ಉಗುರಿನ ಬುಡ ಬೂದಿ ಬಣ್ಣಕ್ಕಿದ್ದಂತೆ ನನಗೆ ಕಂಡಿತು. ನೆರಳಿತ್ತು, ನನ್ನ ಭಯವೂ ಇತ್ತು. ನಿಜವಾಗಿ ಏನು ಕಂಡೆನೋ ಇಂದಿಗೂ ಗೊತ್ತಿಲ್ಲ. "ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದು ಕೂಗಿದೆ. ಬಾಗಿಲು ಮುಚ್ಚಿತು.

ಡೈರಿಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದೆ. ಏನು ಮಾಡಿದರೆ ಇವರಿಗೆ ಕಾಣುತ್ತದೆ ಎಂದು ಕೇಳಿಕೊಳ್ಳುವುದು ಬಿಟ್ಟರೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಡೈರಿಯ ಸೆಕ್ರೆಟರಿ ಅಕ್ಕ ಒಳಗೆ ಕ್ಯಾನು ತೊಳೆಯುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನನ್ ಗೋಡೆಗೆ ಅಂಟಿಸೋ ಮುಂಚೆ ನನ್ನೊಂದ್ ಮಾತು ಕೇಳಿದ್ರೆ ಬೇಡ ಅಂದಿರ್ತಿದ್ದೆ," ಎಂದರು. ಆಮೇಲೆ ಪಕ್ಕದಲ್ಲಿ ಕೂತರು. "ಹಾಲಿಗೆ ನೀರು ಬೆರೆತಿದ್ಯಾ ಅಂತ ಇಲ್ಲಿ ದಿನಾ ಡಿಗ್ರಿ ನೋಡ್ತೀನಲ್ಲ, ಯಾಕೆ ಯಾರೂ ಜಗಳ ಆಡಲ್ಲ ಗೊತ್ತಾ? ಅವರ ಹಾಲು, ಅವರ ಕಣ್ಣ ಮುಂದೆ. ನೀವು ನೀರು ತಗೊಂಡು ಬೆಂಗಳೂರಿಗೆ ಹೋಗ್ತೀರ, ಅಲ್ಲಿಂದ ಒಂದ್ ಪೇಪರ್ ತರ್ತೀರ. ಹೆಂಗೆ ನಂಬ್ತಾರೆ?"

ನನ್ನ ಹತ್ತಿರ ನೀರು ಹಿಡಿದ ಜಾಗದಲ್ಲೇ ಪರೀಕ್ಷಿಸುವ ಒಂದು ಕಿಟ್ ಇತ್ತು. ಗಾಜಿನ ನಳಿಕೆಗೆ ನೀರು ಹಾಕಿ ಪುಡಿ ಬೆರೆಸಿ ಕುಲುಕಿದರೆ ನೈಟ್ರೇಟ್ ಇದ್ದಷ್ಟೂ ಗುಲಾಬಿ ಬಣ್ಣ ಏರುತ್ತದೆ. ಅಂಕಿ ನಿಖರವಾಗಿ ಬರುವುದಿಲ್ಲವೆಂದು ನಾನು ಅದನ್ನು ಬಳಸುತ್ತಲೇ ಇರಲಿಲ್ಲ. ಅಕ್ಕನಿಗೆ ತೋರಿಸಿದೆ. "ಇದನ್ನ ಮೊದ್ಲು ತರ್ಬೇಕಿತ್ತು," ಎಂದರು.

ಅದರ ಮಾರನೇ ದಿನ ಬೆಳಿಗ್ಗೆ ಹಾಲಿನ ಸಾಲು ಮುಗಿಯುವ ಹೊತ್ತಿಗೆ ಅಕ್ಕ ಹೆಂಗಸರನ್ನು ನಿಲ್ಲಿಸಿಕೊಂಡರು. ಮನೆಯಿಂದ ಒಂದೊಂದು ಲೋಟ ನೀರು ತನ್ನಿ ಎಂದರು. ನನ್ನನ್ನು ಮಾತಾಡಬೇಡಿ ಎಂದು ಮೊದಲೇ ಹೇಳಿದ್ದರು. ಪುಡಿ ಹಾಕಿದ್ದೂ ಕುಲುಕಿದ್ದೂ ಅವರೇ. ಶುದ್ಧ ನೀರಿನ ಘಟಕದ ನೀರು ತಿಳಿಯಾಗಿಯೇ ಉಳಿಯಿತು. ಮೇಲಿನ ಕೇರಿಯ ನೀರು ಸ್ವಲ್ಪವೇ ಬಣ್ಣ ತಿರುಗಿತು. ಕೆಳಗಿನ ಕೇರಿಯದು ಹೆಂಗಸರು ನೋಡುತ್ತಿದ್ದಂತೆ ಗಾಢ ಗುಲಾಬಿಯಾಯಿತು. ಒಬ್ಬಾಕೆ ತನ್ನ ಲೋಟ ಮೂಸಿ ನೋಡಿದಳು.

ಕೊನೆಗೆ ಬಂದವರು ಅವಳಿ ಮಕ್ಕಳ ಅಜ್ಜಿ. ಗಂಡನಿಗೆ ಹೇಳದೆ ಬಂದಿದ್ದರು. ಸೆರಗಿನಡಿಯಲ್ಲಿ ಎರಡು ಲೋಟ: ಒಂದು ಹಸಿನೀರು, ಇನ್ನೊಂದು ಬೆಳಿಗ್ಗೆ ಅರ್ಧ ಇಳಿಯುವ ತನಕ ಕುದಿಸಿದ್ದು. ಅಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟರು. ಕುದಿಸಿದ್ದೇ ಹೆಚ್ಚು ಕಡುವಾಗಿತ್ತು.

ಅಜ್ಜಿ ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾನೇ ಕುದಿಸಿದ್ದು," ಎಂದರು. ಮತ್ತೆ, ಯಾರಿಗೆಂದಲ್ಲದೆ, "ಒಳ್ಳೇದಾಗ್ಲಿ ಅಂತ ಕುದಿಸಿದ್ದು." ನಳಿಕೆಯನ್ನು ಅಲ್ಲೇ ಬಿಟ್ಟು ಮನೆಯ ಕಡೆ ಬಿರುಸಾಗಿ ಹೋದರು. ಅವರ ಹಿಂದೆ ಹೋಗುವ ಧೈರ್ಯ ನನಗಿರಲಿಲ್ಲ. ಜನಕ್ಕೆ ಕಾಣುವಂತೆ ತೋರಿಸಬೇಕು ಎಂದು ಹಂಬಲಿಸಿದ್ದೆ. ಕಂಡದ್ದು ಒಬ್ಬ ಮುದುಕಿಗೆ ಏನು ಮಾಡೀತು ಎಂದು ಯೋಚಿಸಿಯೇ ಇರಲಿಲ್ಲ.

ಅಂದು ಮಧ್ಯಾಹ್ನವೇ ಚಿಕ್ಕ ಕೂಸನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಕೆಲವು ದಿನ ಅದು ಉಳಿಯುವುದೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ನಾನು ಸೆಕ್ರೆಟರಿ ಅಕ್ಕನಿಗೆ ಫೋನು ಮಾಡುವುದು, ಅವರು "ಹಂಗೇ ಇದೆಯಂತೆ" ಎನ್ನುವುದು, ಇಷ್ಟರಲ್ಲೇ ದಿನಗಳು ಹೋದವು. ಕೊನೆಗೆ ಕೂಸು ಮನೆಗೆ ಬಂತು. ಹೃದಯದಲ್ಲೂ ಏನೋ ತೊಂದರೆಯಿದೆ, ನೀರೂ ಸೇರಿರಬಹುದು ಎಂದರಂತೆ ವೈದ್ಯರು. ಎಷ್ಟು ಪಾಲು ನೀರಿನದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ನಾನೂ ಹೇಳಲಾರೆ.

ಈಗ ಕೆಳಗಿನ ಕೇರಿಯ ಕೆಲವು ಮನೆಗಳಲ್ಲಿ ಕೂಸುಗಳಿಗೆ ಘಟಕದ ನೀರು ತರುತ್ತಾರೆ. ಘಟಕ ಕೆಟ್ಟು ನಿಂತ ವಾರಗಳಲ್ಲಿ ಮತ್ತೆ ಬೋರ್‌ವೆಲ್ಲೇ ಗತಿ. ತಿಪ್ಪೆಗಳು ಇದ್ದಲ್ಲೇ ಇವೆ. ಆ ತಾತ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಜಮೀನಿನ ಗುಮಾನಿ ಅವರಿಗೆ ಹೋಗಿಲ್ಲ. ನನ್ನ ಪ್ರಬಂಧ ಪ್ರಕಟವಾಯಿತು, ಇಂಗ್ಲಿಷಿನಲ್ಲಿ, ನಕ್ಷೆಯ ಸಮೇತ. ಗುಲಾಬಿ ನಳಿಕೆಗಳ ಫೋಟೊವನ್ನೂ ಸೇರಿಸಬೇಕೆಂದಿದ್ದೆ. ಅದು ದತ್ತಾಂಶವಲ್ಲ ಎಂದು ಗೈಡ್ ತೆಗೆಸಿದರು.

ಕಳೆದ ಸಲ ಹೋದಾಗ ಸೊಸೆ ಹಾಲು ಹಾಕಲು ಬಂದಿದ್ದಳು. ಖಾಲಿ ಕ್ಯಾನು ಹಿಡಿದು ನನ್ನ ಪಕ್ಕ ನಿಂತಳು. ಅತ್ತೆ ಈಗ ಮಕ್ಕಳ ಬಾಟಲಿ ಮುಟ್ಟುವುದೇ ಇಲ್ಲ, ಎಷ್ಟು ಹೇಳಿದರೂ ಮುಟ್ಟುವುದಿಲ್ಲ ಎಂದಳು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು.

"ಎರಡು ವರ್ಷ ಬಂದ್ರಲ್ಲಕ್ಕ, ಆವಾಗ್ಲೇ ಹಿಂಗೆ ಒಂದ್ ಲೋಟದಲ್ಲಿ ತೋರಿಸ್ಬೋದಿತ್ತಲ್ವಾ?"

ಹೌದು ಎಂದೆ. ಅವಳು ಕ್ಯಾನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ಕಡೆ ನಡೆದಳು.