ಚಿರತೆ ಡಾಕ್ಟರ ಬ್ಯಾಗು

ಅವರ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಇಸ್ತ್ರಿ ಮಾಡಿದ ಅಂಗಿಯೂ ಅವರ ಮೈಮೇಲೆ ಒಂದು ಕಡೆಗೆ ಜಾರಿದಂತೆ ಕಾಣುತ್ತಿತ್ತು. ಹಿಂದೆ ಯಾವಾಗಲೋ ನಾಗಮಂಗಲದ ಕಡೆ, ಕರು ಅಡ್ಡ ಸಿಕ್ಕಿಕೊಂಡಿದ್ದ ಎಮ್ಮೆಗೆ ಹೆರಿಗೆ ಮಾಡಿಸಲು ಹೋಗಿ ಒದೆಸಿಕೊಂಡಿದ್ದರಂತೆ. ಮೂಳೆ ಕೂಡಿತು, ಭುಜ ಮಾತ್ರ ಮೊದಲಿನ ಜಾಗಕ್ಕೆ ಬರಲಿಲ್ಲ. ಶ್ರೀರಂಗಪಟ್ಟಣದ ನನ್ನ ಕುಶನ್ ಅಂಗಡಿಯ ಬಾಗಿಲಲ್ಲಿ ಅವರು ಮೊದಲ ಸಲ ಬಂದು ನಿಂತಾಗ ಮುಖ ನೋಡುವ ಮೊದಲೇ ನಾನು ಆ ಭುಜ ನೋಡಿದೆ. ಜೀಪಿನ ಸೀಟು, ಆಟೋದ ಹುಡ್ಡು ಹೊಲಿದು ಬದುಕುವವನ ಕಣ್ಣು ಮೊದಲು ಹೋಗುವುದೇ ಸೊಟ್ಟಗಿರುವ ಕಡೆಗೆ.

ಅವರು ಸರ್ಕಾರಿ ದನದ ಡಾಕ್ಟರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಕಡೆಯ ಕಬ್ಬಿನ ಗದ್ದೆಯಲ್ಲಿ ಚಿರತೆ ಸಿಕ್ಕಿಬಿದ್ದರೂ ಅರಿವಳಿಕೆ ಬಂದೂಕು ಹಿಡಿದು ಹೋಗುತ್ತಿದ್ದವರು ಇವರೇ. ಹಾಗಾಗಿ ಜನರ ಬಾಯಲ್ಲಿ ಚಿರತೆ ಡಾಕ್ಟರು. ನೆಲದ ಮೇಲೆ ನಿಂತರೆ ಕಬ್ಬಿನೊಳಗೆ ಏನೂ ಕಾಣುವುದಿಲ್ಲ. ಅದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಡಚುವ ಕಬ್ಬಿಣದ ಕುರ್ಚಿ ಮಾಡಿಸಿಕೊಂಡಿದ್ದರು. ಅದರ ಪಟ್ಟಿಗಳನ್ನು ಮರದ ಕಾಂಡಕ್ಕೆ ಸುತ್ತಿ ಬಿಗಿದರೆ ಒಬ್ಬರು ಕೂರುವಷ್ಟು ಅಟ್ಟಣೆ. ಆ ಕುರ್ಚಿ, ಎರಡು ತುಂಡಾಗುವ ಬಂದೂಕು, ಔಷಧಿಯ ಡಬ್ಬಿ, ಚಿರತೆಯ ಕಣ್ಣಿಗೆ ಕಟ್ಟುವ ಟವೆಲ್ಲು, ಇಷ್ಟನ್ನೂ ಬೆನ್ನ ಮೇಲೆ ಹೊರುವ ಒಂದು ಬ್ಯಾಗು ಅವರಿಗೆ ಬೇಕಿತ್ತು.

"ನಂದೂ ಬೇಟೆ ಸಾಮಾನೇ ಕಣ್ಲಾ ಉಸ್ತಾದು," ಅಂದರು. "ಒಂದೇ ವ್ಯತ್ಯಾಸ. ಪ್ರಾಣಿ ಸತ್ರೆ ನಾನು ಸೋತಂಗೆ."

ಅಂಗಡಿಯಲ್ಲಿ ಕೊಂಡ ಬ್ಯಾಗುಗಳನ್ನೆಲ್ಲ ಜೊತೆಗೇ ತಂದಿದ್ದರು. ಒಂದು ಬೆಟ್ಟ ಹತ್ತುವವರದು, ಮೈಸೂರಿನಲ್ಲಿ ಕೊಂಡದ್ದು. ಒಳ್ಳೆಯ ಮಾಲು, ಆದರೆ ಕೈ ತಾಗಿದರೆ ಸಾಕು ಬಟ್ಟೆ ಸರಸರ ಅನ್ನುತ್ತಿತ್ತು. ಇನ್ನೊಂದು ದಪ್ಪ ಹತ್ತಿಯದು, ಗದ್ದೆ ನೀರು ಕುಡಿದರೆ ಒದ್ದೆ ಗೋಣಿಯಷ್ಟು ಭಾರ. ಮೂರನೆಯದು ನೋಡಲು ಬಹಳ ಚೆನ್ನಾಗಿತ್ತು. ಅದರ ಬಾಯಿಗೆ ವೆಲ್ಕ್ರೋ ಅಂಟುಪಟ್ಟಿ. ಎಳೆದರೆ ಚರ್ ಎಂದು ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಅವರು ಮೇಜಿನ ಮೇಲೆ ಇಡಲಿಲ್ಲ, ಕಾಲಿನಿಂದ ಮೂಲೆಗೆ ತಳ್ಳಿದರು.

ಯಾಕೆ ಅಂತ ನಾನು ಕೇಳಲಿಲ್ಲ, ಅವರಾಗಿಯೇ ಹೇಳಿದರು. ಅಕ್ಕಿಹೆಬ್ಬಾಳಿನ ಕಡೆ, ಹೇಮಾವತಿ ದಡದ ಒಂದು ತೋಟ. ಚಿರತೆ ಪೊದೆಯೊಳಗೆ ಮಲಗಿತ್ತು, ಇವರು ಮರದ ಮೇಲೆ. ಮದ್ದಿನ ಸೂಜಿ ತೆಗೆಯಲು ಅಂಟುಪಟ್ಟಿ ಎಳೆದದ್ದೇ ತಡ, ಚಿರತೆ ಎದ್ದು ಜನರ ಮಧ್ಯೆ ಹಾರಿತು. ಒಬ್ಬನ ಮುಖ ಕಿತ್ತಿತು. ಜನ ದೊಣ್ಣೆ ಹಿಡಿದು ಅದನ್ನು ಅಲ್ಲೇ ಬಡಿದು ಕೊಂದರು. ಇವರು ಬಂದೂಕು ಹಿಡಿದು ಮರದ ಮೇಲೆಯೇ ಕೂತಿದ್ದರು.

"ಚರ್ ಅಂದಿದ್ದು ಅಷ್ಟೇ ಕಣ್ಲಾ. ಅಷ್ಟಕ್ಕೆ ಅವನ ಕಣ್ಣೋಯ್ತು, ಅದ್ರ ಪ್ರಾಣ ಓಯ್ತು. ನಂಗೆ ಸದ್ದು ಮಾಡ್ದೇ ಇರೋ ಬ್ಯಾಗು ಬೇಕು. ಒಲ್ದು ಕೊಡ್ತೀಯೋ, ಆಗಕ್ಕಿಲ್ಲ ಅಂತೀಯೋ?"

ಆಗಲ್ಲ ಅನ್ನುವುದು ನಮ್ಮ ವಂಶದಲ್ಲೇ ಇಲ್ಲ. ಹೊಲಿಯುತ್ತೇನೆ ಅಂದೆ. ಅಂದ ಮೇಲೆ ಅನುಭವಿಸಿದೆ.

ಅವರಂಥ ಗಿರಾಕಿ ಯಾವ ಶತ್ರುವಿಗೂ ಸಿಗಬಾರದು. ಲಾರಿಗೆ ಹೊದಿಸುವ ಹಳೆಯ ಟಾರ್ಪಾಲು ಒಗೆದು ಒಗೆದು ಮೆತ್ತಗೆ ಮಾಡಿ ಕತ್ತರಿಸಿದೆ. ಸಾಲದು, ಇನ್ನೂ ಒಗಿ ಅಂದರು. ಜಿಪ್ಪು ಹಾಕಲೇ ಎಂದರೆ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ಕ್ಲಿಪ್ಪು ಟಕ್ ಅನ್ನುತ್ತದೆ, ಬೇಡ. ಪ್ರೆಸ್ ಬಟನ್ ಅದಕ್ಕಿಂತ ಬೇಡ. ಕೊನೆಗೆ ನಮ್ಮ ಅಮ್ಮಿ ಒಳಗಿಂದ ಕೇಳಿಸಿಕೊಂಡು, "ನಿಮ್ಮ ಅಬ್ಬಾ ಜುಬ್ಬಕ್ಕೆ ಇರ್ತಿತ್ತಲ್ಲ ಬೇಟಾ, ಬಟ್ಟೆ ಗುಂಡಿ, ಅದು ಹಾಕು," ಅಂದಳು. ಬಟ್ಟೆಯನ್ನೇ ಸುರುಳಿ ಸುತ್ತಿ ಗಂಟು ಹಾಕಿದ ಗುಂಡಿ, ಎದುರಿಗೆ ಬಟ್ಟೆಯ ಕುಣಿಕೆ. ಅಮ್ಮಿಯೇ ಕೂತು ಮಾಡಿಕೊಟ್ಟಳು. ಡಾಕ್ಟರು ಅವನ್ನು ಬೆರಳಲ್ಲಿ ಹಿಸುಕಿ ನೋಡಿ, ಅವತ್ತು ಮೊದಲ ಸಲ ನಮ್ಮ ಮನೆಯ ಚಹಾ ಕುಡಿದರು.

ಆಮೇಲೆ ಪರೀಕ್ಷೆ. ಅಂಗಡಿ ಹಿಂದಿನ ಕೋಣೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ಯಾನು ಆರಿಸಿ, "ಕಣ್ಣು ಮುಚ್ಕೊ ಕಣ್ಲಾ. ನೀನೀಗ ಚಿರ್ತೆ," ಅನ್ನುತ್ತಿದ್ದರು. ಬೆನ್ನ ಹಿಂದೆ ನಿಂತು ಬ್ಯಾಗು ಬಿಚ್ಚುತ್ತಿದ್ದರು. ಸೆಕೆಗೆ ಬೆವರು ಇಳಿಯುತ್ತಿತ್ತು, ನಾನು ಕಿವಿ ನಿಗುರಿಸಿಕೊಂಡು ಕೂತಿರುತ್ತಿದ್ದೆ.

"ಕೇಳುಸ್ತಾ?"

"ಬಂದೂಕು ಡಬ್ಬಿಗೆ ತಾಗಿದ್ದು ಕೇಳುಸ್ತು ಸಾ."

"ಅಂಗಾದ್ರೆ ನಾನು ಸತ್ತೆ. ಒಳಗೆ ಇನ್ನೊಂದು ಪದರ ಆಕು."

ಅವರು ಅಂಗಡಿಯ ಕಡೆ ತಿರುಗಿದರೆ ನನ್ನ ಹೆಂಡತಿ ಒಳಗಿಂದಲೇ, "ಆಯೇ ದೇಖೋ, ಬಂದ್ರು ನಿಮ್ಮ ಡಾಕ್ಟರ್ ಸಾಬ್. ಹೋಗಿ ಚಿರತೆ ಆಗಿ," ಎಂದು ನಗುತ್ತಿದ್ದಳು. ಎದುರು ಅಂಗಡಿಯವರಿಗಂತೂ ನಾನೊಂದು ತಮಾಷೆಯಾಗಿದ್ದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರು ಬರದ ವಾರ ಏನೋ ಖಾಲಿ ಖಾಲಿ ಅನ್ನಿಸುತ್ತಿತ್ತು.

ಭುಜದ ಪಟ್ಟಿಗಳನ್ನು ಅವರ ಮೈಮೇಲೇ ಅಳೆದೆ. ಬಲಗಡೆಯದು ಎರಡು ಬೆರಳು ಗಿಡ್ಡ. ಎರಡೂ ಪಟ್ಟಿಗೆ ಮೂರು ಮೂರು ಸಾಲು ಹೊಲಿಗೆ. ಹೊತ್ತುಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಬ್ಯಾಗು ಎತ್ತಲೂ ವಾಲದೆ ಬೆನ್ನಿಗೆ ಕೂತಿತ್ತು. "ಎಮ್ಮೆ ಮಾಡಿದ್ ತಪ್ಪ ನೀನು ಸರಿ ಮಾಡ್ಬುಟ್ಟೆ ಕಣ್ಲಾ," ಅಂದರು. ಹೊಗಳಿಕೆ ಅಂತ ಅವರ ಬಾಯಿಂದ ಬಂದದ್ದು ಅದೊಂದೇ.

ಬ್ಯಾಗಿನ ನೆತ್ತಿಗೆ ಒಂದು ಗಟ್ಟಿ ಕುಣಿಕೆಯನ್ನೂ ಹಾಕಿಸಿಕೊಂಡಿದ್ದರು. ಅದು ಹಗ್ಗಕ್ಕೆ. ಮರ ಹತ್ತುವಾಗ ಬೆನ್ನ ಮೇಲೆ ಏನೂ ಇರಬಾರದು, ಬರಿಗೈಲಿ ಹತ್ತಿ ಕೂತು ಆಮೇಲೆ ಬ್ಯಾಗನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳಬೇಕು. ಇದು ಅವರ ಕಟ್ಟಪ್ಪಣೆ, ತಮಗೂ ಬೇರೆಯವರಿಗೂ.

ಅಮ್ಮಿ ಕೊನೆಯ ಗುಂಡಿ ಹಾಕಿ ಮುಗಿಸಿದ ಬೆಳಿಗ್ಗೆಯೇ ಡಾಕ್ಟರ ಫೋನು ಬಂತು. ತೊಣ್ಣೂರು ಕೆರೆಯ ಆಚೆ ಒಂದು ಹಳ್ಳಿ. ಯಾರೋ ಹಂದಿಗೆ ಅಂತ ತಂತಿಯ ಉರುಳು ಒಡ್ಡಿದ್ದರು, ಚಿರತೆ ಸಿಕ್ಕಿಕೊಂಡಿದೆ. "ಬ್ಯಾಗು ತಗಂಡು ಸೀದಾ ಇಲ್ಲಿಗೇ ಬಂದ್ಬುಡು," ಅಂದರು. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. ಸ್ಕೂಟರಿನ ಮುಂದೆ ಬ್ಯಾಗು ಇಟ್ಟುಕೊಂಡು ಹೊರಟೆ.

ಗದ್ದೆಯ ಬದುವಿನ ಮೇಲೆ ಊರಿಗೆ ಊರೇ ನೆರೆದಿತ್ತು. ಕಬ್ಬಿನ ಅಂಚಿನಲ್ಲಿ, ಸೊಂಟಕ್ಕೆ ತಂತಿ ಬಿಗಿದ ಚಿರತೆ ಒಂದು ಸಲ ಎಗರಿ ಬೀಳುವುದು, ಮತ್ತೆ ಸುಮ್ಮನಾಗುವುದು. ತಂತಿ ಕಟ್ಟಿದ್ದ ಗೂಟ ಹಸಿ ಮಣ್ಣಿನಲ್ಲಿ ಪ್ರತಿ ಎಳೆತಕ್ಕೂ ಅಲ್ಲಾಡುತ್ತಿತ್ತು. ಅದು ಕಿತ್ತು ಬಂದರೆ ಅಕ್ಕಿಹೆಬ್ಬಾಳಿನ ಕಡೆ ಆದದ್ದೇ ಇಲ್ಲೂ ಆಗುತ್ತಿತ್ತು. ಜೀವಮಾನದಲ್ಲಿ ಚಿರತೆಯನ್ನು ಅಷ್ಟು ಹತ್ತಿರದಿಂದ ಕಂಡವನಲ್ಲ ನಾನು.

ದೊಣ್ಣೆ ಹಿಡಿದ ರೈತನೊಬ್ಬ ಕೂಗಾಡುತ್ತಿದ್ದ. "ಹೊಡ್ದಾಕ್ಬುಡಿ ಸಾ! ನನ್ ಕರ ತಿಂದದೆ ಇದು!"

ಡಾಕ್ಟರು ಅವನ ಹತ್ತಿರ ಹೋಗಿ ಮೆಲ್ಲಗೆ ಅಂದರು: "ನಿನ್ ಅಸ ಈಯಕ್ಕಾಗ್ದೆ ಒದ್ದಾಡ್ದಾಗ ಬಂದೋನ್ ಯಾರ್ಲಾ? ನಾನೇ ತಾನೆ? ಇವತ್ತೊಂದಿನ ನನ್ ಮಾತ್ ಕೇಳು. ದೊಣ್ಣೆ ಕೆಳಗಾಕು, ಈ ಹಗ್ಗ ಇಡ್ಕೊ. ಒಬ್ರೂ ದಾಟ್ಬಾರ್ದು."

ಹೀಗೆ ತಮ್ಮ ಹಗ್ಗವನ್ನೇ ಜನರನ್ನು ತಡೆಯಲು ಕೊಟ್ಟುಬಿಟ್ಟರು. ರೈತರು ಅದನ್ನು ಉದ್ದಕ್ಕೆ ಹಿಡಿದು ನಿಂತರು. ಬದುವಿನ ಮೇಲಿದ್ದದ್ದು ಒಂದು ಹೊಂಗೆ ಮರ. ಅದರ ಬುಡಕ್ಕೆ ಬಂದು ತಮ್ಮ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿದಾಗ ಅದನ್ನು ಎಳೆದುಕೊಳ್ಳಲು ಹಗ್ಗವಿಲ್ಲ.

"ಬೇರೆ ಹಗ್ಗ ತರುಸ್ತೀನಿ ಸಾ, ತಡೀರಿ," ಅಂದೆ.

"ಹಗ್ಗ ಬರೋಗಂಟ ಆ ಗೂಟ ಕಾಯ್ತದೇನ್ಲಾ?" ಎಂದವರೇ ಬ್ಯಾಗು ಬೆನ್ನಿಗೇರಿಸಿ ಹತ್ತತೊಡಗಿದರು.

ಎರಡಾಳೆತ್ತರ ಹತ್ತಿರಬೇಕು. ಎಡಗಾಲು ಜಾರಿತು. ಅವರು ಬಿದ್ದೇಬಿಟ್ಟರು ಎಂದುಕೊಂಡೆ, ಬೀಳಲಿಲ್ಲ. ಬ್ಯಾಗಿನ ಬಲ ಪಟ್ಟಿ ಒಂದು ಮುರಿದ ಕೊಂಬೆಯ ಮೋಟಿಗೆ ಸಿಕ್ಕಿಕೊಂಡಿತ್ತು. ಆ ಕುರ್ಚಿ, ಬಂದೂಕು, ಅಷ್ಟು ಭಾರದ ಮನುಷ್ಯ, ಎಲ್ಲ ನನ್ನ ಹೊಲಿಗೆಯ ಮೇಲೆ ನೇತಾಡುತ್ತಿತ್ತು. ಕೆಳಗೆ ಚಿರತೆಯ ಕಡೆಗೇ ಬೀಳುವ ಹಾಗೆ.

ಆಗ ಕೇಳಿಸಿತು. ಪಟ್, ಪಟ್ ಎಂದು ನೂಲು ಕಿತ್ತು ಬರುವ ಸದ್ದು. ಸದ್ದೇ ಮಾಡಬಾರದು ಎಂದು ಅಷ್ಟು ಜತನದಿಂದ ಹೊಲಿದ ಬ್ಯಾಗು ಮೊದಲ ಸಲ ಬಾಯಿ ಬಿಟ್ಟಿತ್ತು. ಚಿರತೆ ತಲೆ ಎತ್ತಿ ಮರದ ಕಡೆ ನೋಡಿತು.

ನಾನು ಕೂಗಲು ಬಾಯಿ ತೆರೆದೆ. ಡಾಕ್ಟರು ನೇತಾಡುತ್ತಲೇ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದರು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತೆ. ಯಾ ಅಲ್ಲಾ, ನೂಲು ನಿಲ್ಲಲಿ, ಇದೊಂದು ಸಲ ನಿಲ್ಲಲಿ, ಅಷ್ಟೇ ಕೇಳಿಕೊಂಡೆ. ಹಗ್ಗ ಹಿಡಿದ ರೈತರೂ ಉಸಿರು ಬಿಡಲಿಲ್ಲ. ಡಾಕ್ಟರ ಒಂದು ಕೈ ಕಾಂಡ ತಬ್ಬಿತು. ಬಲಗಾಲು ತೊಗಟೆಯ ಮೇಲೆ ತಡಕಾಡಿ ತಡಕಾಡಿ ಒಂದು ಗಂಟಿನ ಮೇಲೆ ನಿಂತಿತು. ಅವರು ಮೈಯನ್ನು ಮೇಲಕ್ಕೆತ್ತಿ, ಪಟ್ಟಿ ಬಿಡಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಹತ್ತಿದರು.

ಕುರ್ಚಿ ಬಿಗಿದು ಕೂತರು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ್ದು ನನಗೆ ಕೆಳಗಿಂದ ಕಾಣಿಸಿತು, ಕೇಳಿಸಲಿಲ್ಲ. ಬಂದೂಕಿನ ತುಂಡು ಜೋಡಿಸಿದ್ದೂ ಕೇಳಿಸಲಿಲ್ಲ. ಚಿರತೆ ಮತ್ತೆ ಗೂಟದ ಕಡೆ ತಿರುಗಿ ಎಳೆಯತೊಡಗಿತ್ತು. ಆಮೇಲೆ ಪುಸ್ ಎಂದು ಒಂದು ಗಾಳಿಯ ಸದ್ದು. ಅದರ ತೊಡೆಯಲ್ಲಿ ಸೂಜಿಯ ಕೆಂಪು ಕುಚ್ಚು. ಅದು ಇನ್ನೊಮ್ಮೆ ಎಗರಿತು, ಗೂಟ ಅರ್ಧ ಮೇಲೆ ಬಂತು. ಚಿರತೆ ನಿಂತಿತು. ತೂಗಾಡಿತು. ಮೆಲ್ಲಗೆ ಮುಂಗಾಲಿನ ಮೇಲೆ ತಲೆ ಇಟ್ಟು ಮಲಗಿತು.

ಡಾಕ್ಟರು ಇಳಿದು ಬಂದು ಅದರ ಕಣ್ಣಿಗೆ ಟವೆಲ್ಲು ಕಟ್ಟಿ, ತಂತಿ ಕತ್ತರಿಸಿ, ಗಾಯಕ್ಕೆ ಔಷಧಿ ಹಾಕಿ, ಅರಣ್ಯ ಇಲಾಖೆಯ ಬೋನಿಗೆ ಹಾಕಿಸುವವರೆಗೂ ಗಟ್ಟಿಯಾಗಿದ್ದರು. ವ್ಯಾನು ಹೊರಟ ಮೇಲೆ ಬದುವಿನ ಮೇಲೆ ಕುಸಿದು ಕೂತರು. ಕರು ಕಳೆದುಕೊಂಡಿದ್ದ ರೈತ ಹಗ್ಗ ಸುತ್ತಿ ತಂದು ಅವರ ಕಾಲ ಬಳಿ ಇಟ್ಟ.

"ನೋಡ್ದಾ," ಎಂದು ಪಟ್ಟಿ ತೋರಿಸಿದರು. "ಮೂರ್ ಸಾಲ್ ಒಲ್ದಿದ್ದೆ ನೀನು. ಎಲ್ಡು ಓಯ್ತು, ಒಂದು ನಿಂತ್ಕತು. ನೀನು ಎಲ್ಡೇ ಸಾಲು ಒಲ್ದು ಸಾಕು ಅಂತ ಬುಟ್ಟಿದ್ರೆ ಇವತ್ತು ನನ್ ತಿಥಿ ಊಟಕ್ಕೆ ಬತ್ತಿದ್ದೆ ಕಣ್ಲಾ." ಆಮೇಲೆ ಕಾಲ ಬಳಿಯ ಹಗ್ಗ ಎತ್ತಿಕೊಂಡು, "ಹಗ್ಗ ಕೊಟ್ಬುಟ್ಟೆ ನೋಡು. ನನ್ನಂಥ ದಡ್ಡ ಇಲ್ಲ," ಅಂದರು.

ಅಂಗಡಿಗೆ ಬಂದವನೇ ಕಿತ್ತ ಎರಡು ಸಾಲನ್ನೂ ಮತ್ತೆ ಹೊಲಿದೆ. ದಪ್ಪ ನೂಲು ಬಿಳಿಯದಷ್ಟೇ ಇತ್ತು. ಖಾಕಿ ಪಟ್ಟಿಯ ಮೇಲೆ ಎದ್ದು ಕಾಣುತ್ತಿತ್ತು. ಬಣ್ಣ ಹೊಂದುವ ನೂಲು ಬಂದ ಮೇಲೆ ಬದಲಿಸುತ್ತೇನೆ ಅಂದರೆ ಅವರು ಬಿಲ್ಕುಲ್ ಒಪ್ಪಲಿಲ್ಲ. "ಇರ್ಲಿ ಬುಡು. ಹತ್ತಕ್ ಮುಂಚೆ ನಂಗೆ ಕಾಣ್ಬೇಕು ಅದು," ಅಂದರು. ಆ ಮೇಲೆ ಎಷ್ಟೋ ಮರ ಹತ್ತಿದರು. ಹಗ್ಗವನ್ನು ಮತ್ತೆ ಯಾರ ಕೈಗೂ ಕೊಡಲಿಲ್ಲ.

ಅಷ್ಟು ಮರ ಹತ್ತಿ ಇಳಿದ ಮನುಷ್ಯ ಹೋದದ್ದು ನಾಗಮಂಗಲದ ಮನೆಯ ಜಗುಲಿಯಲ್ಲಿ, ಕಾಫಿ ಕುಡಿಯುತ್ತ, ಕುರ್ಚಿಯಲ್ಲಿ ಕೂತೇ. ಎದೆನೋವು ಅಂದರಂತೆ, ಅಷ್ಟೇ. ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನೂ ಹೋಗಿದ್ದೆ, ಒಂದು ಹಿಡಿ ಮಣ್ಣು ಹಾಕಿ ಬಂದೆ. ಹಾಕುವಾಗ ಕೂಡ ಒಳಗೆ ಆ ಭುಜ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನಿಸಿತು. ನನ್ನ ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ.

ಅವರ ಜಾಗಕ್ಕೆ ಬಂದವರು ಒಬ್ಬ ಹೆಣ್ಣುಮಗಳು, ಡಾಕ್ಟರು. ಮೊನ್ನೆ ಅದೇ ಬ್ಯಾಗು ಹಿಡಿದು ಅಂಗಡಿಗೆ ಬಂದಿದ್ದರು. ಡಾಕ್ಟರ ಮನೆಯವರೇ ಕೊಟ್ಟರಂತೆ.

"ಹೊಸದು ಕೊಂಡಿದ್ದೆ, ಅದು ಬಹಳ ಸದ್ದು ಮಾಡುತ್ತೆ," ಅಂದರು. "ಇದು ಚೆನ್ನಾಗಿದೆ. ಬಲಗಡೆ ಮಾತ್ರ ಬಿಗಿಯಾಗುತ್ತೆ. ಎರಡು ಬೆರಳು ಬಿಟ್ಟುಕೊಡ್ತೀರಾ?"

ಅವರ ಭುಜ ನೋಡಿದೆ. ಎರಡೂ ಸಮ ಇದ್ದವು. ಬಿಳಿ ನೂಲು ಬಿಚ್ಚದೆ ಆಗುವ ಕೆಲಸವಲ್ಲ. ನಾಳೆ ಬನ್ನಿ ಎನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಪಾಪ, ಅವರೂ ನಾಳೆ ಯಾವ ಮರದ ಮೇಲಿರುತ್ತಾರೋ. ಬ್ಲೇಡು ತೆಗೆದುಕೊಂಡು ಒಂದೊಂದೇ ಹೊಲಿಗೆ ಕಿತ್ತೆ. ಮಡಿಕೆಯೊಳಗಿನ ಬಟ್ಟೆ ಇನ್ನೂ ಹೊಸದರ ಹಾಗೆಯೇ ಇತ್ತು. ಎಡಗಡೆಯ ಅಳತೆಗೆ ಸರಿಮಾಡಿ ಹೊಲಿದೆ. ಮೂರು ಸಾಲು ಮುಗಿಸಿ, ಇನ್ನೊಂದನ್ನೂ ಹಾಕಿದೆ. ನೂಲು ಬಿಳಿಯದನ್ನೇ ಹಾಕಿದೆ. "ಹತ್ತುವ ಮೊದಲು ಇದನ್ನು ನೋಡಿ ಮೇಡಂ. ಹಗ್ಗ ಯಾರಿಗೂ ಕೊಡಬೇಡಿ," ಅಂದೆ.

ಆಮೇಲೆ ಫ್ಯಾನು ಆರಿಸಿ ಸ್ಟೂಲಿನ ಮೇಲೆ ಕೂತು, "ನನ್ನ ಹಿಂದೆ ನಿಂತು ಬಿಚ್ಚಿ," ಎಂದೆ. ಅವರಿಗೆ ಆಶ್ಚರ್ಯವಾಗಿರಬೇಕು, ಆದರೂ ನಿಂತರು. ಕಣ್ಣು ಮುಚ್ಚಿದೆ. ಬೆವರು ಇಳಿಯಿತು. ಕಿವಿ ನಿಗುರಿಸಿದೆ. ಗುಂಡಿಯ ಸದ್ದಿಗಲ್ಲ, ಏನ್ಲಾ ಉಸ್ತಾದು ಎನ್ನುವ ಆ ದಪ್ಪ ದನಿಗೆ ಕಾಯುತ್ತಿದ್ದೆ.

"ಬಿಚ್ಚಿ ಆಯ್ತು," ಅಂದರು ಹಿಂದಿನಿಂದ. "ಕೇಳಿಸ್ತಾ?"

"ಇಲ್ಲ ಮೇಡಂ," ಎಂದೆ. ಕಣ್ಣು ತೆರೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.