ಏರಿನಲ್ಲಿ ಇಳಿದವಳು

ಟೈಲರಕ್ಕನಿಗೆ ಅರವತ್ತೆರಡು. ವಯಸ್ಸನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ತನ್ನ ಪುಸ್ತಕದಲ್ಲಿರುವಾಗ, ತನ್ನದೊಂದು ಅಂಕಿ ಮುಚ್ಚಿಟ್ಟು ಆಗಬೇಕಾದ್ದೇನು ಎನ್ನುವವಳು. ಆದರೆ ಎರಡು ತಿಂಗಳ ಹಿಂದೆ ಒದ್ದೆ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡ ಮೇಲೆ ಮನೆಯಲ್ಲಿ ಆ ಅಂಕಿಯದೇ ಜಪ. "ಅರವತ್ತೆರಡಮ್ಮ ನಿಂಗೆ, ಅರವತ್ತೆರಡು!" ಎಂದು ಮಗಳು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದಳು. ಮಗಳದು ವಿಮಾ ಕಚೇರಿಯಲ್ಲಿ ಕೆಲಸ. ಯಾರಿಗೆ ಯಾವಾಗ ಏನು ಅನಾಹುತವಾಗಬಹುದೆಂದು ದಿನವಿಡೀ ಯೋಚಿಸುವವಳು, ಮನೆಗೆ ಬಂದರೂ ಅದನ್ನು ಬಿಡುತ್ತಿರಲಿಲ್ಲ. ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚುವ ಮೊದಲೇ ನಾಲ್ಕು ಕಾಲಿನ ಅಲ್ಯುಮಿನಿಯಂ ಊರುಗೋಲೊಂದನ್ನು ತಂದು ಬಾಗಿಲ ಮೂಲೆಯಲ್ಲಿ ನಿಲ್ಲಿಸಿದ್ದಳು. ಮುರಿದದ್ದು ಕೈ, ಕಾಲಲ್ಲ ಎಂದು ಹೇಳಿ ಹೇಳಿ ಟೈಲರಕ್ಕನಿಗೆ ಸಾಕಾಗಿತ್ತು.

ಶನಿವಾರ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ನಾಳೆ ಒಂಬತ್ತಕ್ಕೆ ಗುಜರಿಯವನು ಬರುತ್ತಾನೆ, ಸೈಕಲ್ ಕೊಟ್ಟುಬಿಡೋಣ ಎಂದಳು ಮಗಳು. ಟೈಲರಕ್ಕನಿಗೆ ಪಿತ್ತ ನೆತ್ತಿಗೇರಿತು.

"ನಾಳೆ ಬೆಳಿಗ್ಗೆ ಸಿಸ್ಟರ್ ಜೊತೆ ಸೇತುವೆವರೆಗೂ ಹೋಗಿ ಬರ್ತೀನಿ. ವಾಪಸ್ ಬರುವಾಗ ಆ ಏರಲ್ಲಿ ಒಂದೇ ಒಂದ್ಸಲ ನೆಲಕ್ಕೆ ಕಾಲಿಟ್ರೆ, ನಾನೇ ಕೈಯಾರೆ ಅವನಿಗೆ ಕೊಡ್ತೀನಿ. ಆಯ್ತಾ?"

"ಆಯ್ತು," ಎಂದಳು ಮಗಳು. ಅಷ್ಟು ಬೇಗ ಒಪ್ಪಿಕೊಂಡದ್ದರಲ್ಲೇ ಏನೋ ಇತ್ತು.

ಸಿಸ್ಟರ್ ಎಂದರೆ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಟೈಲರಕ್ಕನ ಗೆಳತಿ. ಈ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ಅವಳೇ. ಭಾನುವಾರ ಆರೂವರೆಗೆ ಅವಳು ತನ್ನ ಸೈಕಲ್ಲಿನಲ್ಲಿ ಬಂದು ಗಂಟೆ ಬಾರಿಸಿದಾಗ ಟೈಲರಕ್ಕ ಸೈಕಲ್ಲಿನ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಗಾಳಿ ಹೋಗಿತ್ತು. ಗಾಳಿಯಷ್ಟೇ ಅಲ್ಲ, ವಾಲ್ವೇ ಮಾಯವಾಗಿತ್ತು. ಇಬ್ಬರೂ ಅಡುಗೆಮನೆಯ ಕಿಟಕಿಯತ್ತ ನೋಡಿದರು. ಪರದೆ ಸಣ್ಣಗೆ ಅಲ್ಲಾಡಿತು.

"ಕಳ್ಳಿ," ಎಂದಳು ಟೈಲರಕ್ಕ.

ಸಿಸ್ಟರ್ ತನ್ನ ಚೀಲ ಬಿಚ್ಚಿದಳು. ಬ್ಯಾಂಡೇಜು, ಟಾರ್ಚು, ಗ್ಲೂಕೋಸ್ ಪುಡಿ, ಚಹಾ ಫ್ಲಾಸ್ಕು, ಎಲ್ಲದರ ತಳದಲ್ಲಿ ಒಂದು ಹೊಸ ವಾಲ್ವು. "ಮೂವತ್ತೈದು ವರ್ಷ ಡ್ಯೂಟಿ ಮಾಡಿದೀನಿ ಕಣೇ. ಸ್ಪೇರ್ ಇಲ್ದೆ ಹೊಸ್ತಿಲು ದಾಟಿದೋಳಲ್ಲ."

ಟೈಲರಕ್ಕ ಪಂಪು ಹೊಡೆದಳು, ಒಂದೊಂದು ಒತ್ತಿಗೂ ಬೇಕೆಂದೇ ಕಿಟಕಿಯನ್ನು ದುರುಗುಟ್ಟಿ ನೋಡುತ್ತ.

ಈ ಸೈಕಲ್ ಬರೀ ಸೈಕಲ್ಲಾಗಿದ್ದರೆ ಇಷ್ಟು ರಂಪ ಇರುತ್ತಿರಲಿಲ್ಲ. ಮಗಳಿಗೆ ಮೂರು ವರ್ಷವಾಗಿದ್ದಾಗ ಗಂಡ ಇನ್ನೊಂದು ಊರು, ಇನ್ನೊಂದು ಸಂಸಾರ ನೋಡಿಕೊಂಡು ಹೋದ. ಮರುವಾರವೇ ಟೈಲರಕ್ಕ ಹಳೆಯ ಸೈಕಲ್ಲೊಂದನ್ನು ಕೊಂಡು, ಹೊಲಿದ ಯೂನಿಫಾರಂಗಳ ಗಂಟನ್ನು ಕ್ಯಾರಿಯರಿಗೆ ಬಿಗಿದು ಬೀದಿಗಿಳಿದಳು. ನಾಲ್ಕು ಜನ ಏನಂದಾರು ಎಂದು ಅತ್ತಿಗೆ ಬಾಯಿ ಬಡಿದುಕೊಂಡಾಗ, "ಆ ನಾಲ್ಕೂ ಜನರ ಅಳತೆ ನನ್ನ ಪುಸ್ತಕದಲ್ಲಿದೆ, ಅತ್ತಿಗೆ. ಒಬ್ಬರದೂ ನೆಟ್ಟಗಿಲ್ಲ," ಎಂದಿದ್ದಳು. ಸೀರೆಯ ಅಂಚು ಚೈನಿಗೆ ಸಿಕ್ಕಿ ಹರಿದಾಗ ರಾತ್ರೋರಾತ್ರಿ ತನಗೊಂದು ಪ್ಯಾಂಟು ಹೊಲಿದುಕೊಂಡಳು. ಮುಂದೆ ಅದೇ ಮಾದರಿಯ ಪ್ಯಾಂಟು ಹೊಲಿಸಿಕೊಳ್ಳಲು ಒಂಬತ್ತು ಹೆಂಗಸರು ಬಂದರು, ಅತ್ತಿಗೆಯೂ ಸೇರಿ.

ಮಳೆ ಹಿಂದೆ ಸರಿದಿತ್ತು, ಚಳಿ ಇನ್ನೂ ಬಂದಿರಲಿಲ್ಲ. ರಸ್ತೆಯುದ್ದಕ್ಕೂ ಹಳದಿ ಎಲೆಗಳು ಬಿದ್ದು ಚಕ್ರದಡಿ ಚರಚರ ಎನ್ನುತ್ತಿದ್ದವು. ಗೆಳತಿಯರಿಬ್ಬರಿಗೂ ಅವಸರವಿಲ್ಲ. ಬೇಕರಿಯ ಮುಂದೆ ಬಿಸಿ ಬ್ರೆಡ್ಡಿನ ವಾಸನೆ ಮುಗಿಯುವವರೆಗೂ ನಿಧಾನ ತುಳಿದರು. ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವನೊಬ್ಬ, "ಅಜ್ಜೀರೇ, ಹುಷಾರು!" ಎಂದು ಕೂಗಿದ. "ನಿನ್ನ ಪ್ಯಾಂಟಿನ ಹಿಂದಿನ ಹೊಲಿಗೆ ಬಿಟ್ಟಿದೆ, ನೀನೇ ಹುಷಾರು!" ಎಂದಳು ಟೈಲರಕ್ಕ. ಅವನು ಪೈಪು ಬಿಟ್ಟು ಹಿಂದೆ ಕೈಯಿಟ್ಟುಕೊಂಡದ್ದು ನೋಡಿ ಸಿಸ್ಟರ್ ನಕ್ಕೂ ನಕ್ಕೂ ಹ್ಯಾಂಡಲ್ ಓಲಾಡಿಸಿದಳು. ಸೇತುವೆಯ ಕಟ್ಟೆಯ ಮೇಲೆ ಕೂತು ಒಂದೇ ಮುಚ್ಚಳದಲ್ಲಿ ಇಬ್ಬರೂ ಚಹಾ ಕುಡಿದರು. ಎರಡು ತಿಂಗಳಿನಿಂದ ಟೈಲರಕ್ಕ ಇಷ್ಟು ಸುಖವಾಗಿ ಕೂತಿರಲಿಲ್ಲ.

ವಾಪಸ್ ಬರುವಾಗ ಏರು ಶುರುವಾಯಿತು. ಕಾಲಿನದೇನೂ ತಕರಾರಿರಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳವು. ಕೈ ಕೊಟ್ಟದ್ದು ಕೈಯೇ. ಅರ್ಧ ಏರಿನಲ್ಲಿ ಹ್ಯಾಂಡಲ್ ಎಳೆದು ಹಿಡಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಚಳಕ್ಕೆಂದಿತು. ಸೈಕಲ್ ವಾಲಿತು. ಕಾಲು ನೆಲಕ್ಕೆ ಬಂತು.

ಅವಳು ಹಾಗೇ ನಿಂತಳು. ಅವಮಾನಕ್ಕೆ ಮುಖ ಕೆಂಪಾಯಿತು. ಸಿಸ್ಟರೂ ಇಳಿದು, ಕೈ ಹಿಡಿದು ತಿರುವಿ ನೋಡಿ, "ಮೂಳೆಗೇನಾಗಿಲ್ಲ. ಇಲ್ಲಿ ಯಾರೂ ಇಲ್ಲ ಕಣೇ. ಇಳೀಲೇ ಇಲ್ಲ ಅಂತ ನಾನು ಸಾಕ್ಷಿ ಹೇಳ್ತೀನಿ," ಎಂದಳು.

"ಬೇಡ. ಸುಳ್ಳು ಹೇಳಿ ಉಳಿಸ್ಕೊಂಡ ಸೈಕಲ್ ಮೇಲೆ ನೆಟ್ಟಗೆ ಕೂರೋಕಾಗುತ್ತಾ?"

"ಹಾಗಾದ್ರೆ ಗುಜರಿಯವನಿಗೆ ಕೊಡ್ತೀಯಾ?"

ಟೈಲರಕ್ಕ ವಾಲಿದ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು. ಅಂಗಡಿಯಲ್ಲಿ ಅವಳ ಕೈಗೆ ಅತಿ ಹೆಚ್ಚು ಸವೆದದ್ದು ಕತ್ತರಿಯಲ್ಲ, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ. ಮಗಳು ಹನ್ನೆರಡರ ವಯಸ್ಸಿನಲ್ಲಿ ಮೊದಲ ಅಂಗಿಗೆ ತೋಳನ್ನು ತಿರುವುಮುರುವಾಗಿ ಕೂರಿಸಿ ಗೋಳೋ ಎಂದು ಅತ್ತಾಗ ಅದನ್ನೇ ಕೈಗೆ ಕೊಟ್ಟು, "ಅಳೋದ್ಯಾಕೆ? ಬಿಚ್ಚು, ಮತ್ತೆ ಹೊಲಿ," ಎಂದಿದ್ದಳು. ತೋಳು ತಪ್ಪಿತೆಂದು ಅಂಗಿಯನ್ನೇ ಬಿಸಾಡಿದವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಹಿಡ್ಕೊಳ್ಳೇ," ಎಂದು, ರಸ್ತೆಬದಿಯ ಕಲ್ಲಿನ ಮೇಲೆ ಕಾಲಿಟ್ಟು ಮತ್ತೆ ಹತ್ತಿದಳು. ನೀರಿನ ಟ್ಯಾಂಕಿನ ಹತ್ತಿರ ಇನ್ನೊಮ್ಮೆ ಇಳಿದಳು. ಕೈ ಜಾಡಿಸಿಕೊಂಡು ಇನ್ನೊಮ್ಮೆ ಹತ್ತಿದಳು. ಏರು ಮುಗಿಯಿತು.

ಗೇಟಿನಲ್ಲಿ ಗುಜರಿಯವನ ತಳ್ಳುಗಾಡಿ ನಿಂತಿತ್ತು. ಪಕ್ಕದಲ್ಲಿ ಮಗಳು. ಕಣ್ಣು ಊದಿತ್ತು.

"ಇಳಿದ್ಯಾ ಅಮ್ಮಾ?"

"ಇಳಿದೆ. ಎರಡ್ಸಲ."

"ಮತ್ತೆ ಮಾತು ಅಂದ್ರೆ ಮಾತು..."

"ಮಾತು ತಪ್ಪಾಗಿತ್ತು. ಬಿಚ್ಚಿದೆ. ಎರಡ್ಸಲ ಇಳಿದೆ, ಎರಡ್ಸಲ ಹತ್ತಿದೆ. ಮುಂದಿನ ವಾರ ಹತ್ತು ಸಲ ಇಳೀತೀನಿ, ಹತ್ತು ಸಲ ಹತ್ತುತೀನಿ. ನನ್ನ ಸೈಕಲ್ ಮೇಲೆ ನಾನು ಕೂರೋದಕ್ಕೆ ಇನ್ನು ಯಾರ ಹತ್ರಾನೂ ಪಂಥ ಕಟ್ಟಲ್ಲ."

"ಬಿದ್ರೆ?" ಮಗಳ ಕಣ್ಣಿಂದ ನೀರು ಹರಿಯಿತು. "ಅವತ್ತು ಆಸ್ಪತ್ರೆಯಿಂದ ಫೋನ್ ಬಂದಾಗ ನಂಗೆ ಕೈಕಾಲೇ ಆಡ್ಲಿಲ್ಲ. ನಂಗೆ ನಿನ್ನ ಬಿಟ್ರೆ ಯಾರಿದಾರೆ?"

ಟೈಲರಕ್ಕ ಸೈಕಲ್ಲನ್ನು ಗೇಟಿಗೆ ಒರಗಿಸಿದಳು. ಮಗಳ ಕೆನ್ನೆಯನ್ನು ನೋಯುತ್ತಿದ್ದ ಕೈಯಿಂದಲೇ ಒರೆಸಿದಳು. "ಬಿದ್ರೆ ನೀನೇ ಬಂದು ಎತ್ತು. ಬೀಳ್ತೀನಿ ಅಂತ ಮೂಲೇಲಿ ಕೂರಿಸ್ಬೇಡ."

ಆಮೇಲೆ ಒಳಗೆ ಹೋಗಿ ನಾಲ್ಕು ಕಾಲಿನ ಊರುಗೋಲನ್ನು ಎತ್ತಿಕೊಂಡು ಬಂದು ತಳ್ಳುಗಾಡಿಗೆ ಹಾಕಿದಳು. "ನಿಮ್ಮನ್ನ ಬರಿಗೈಲಿ ಕಳಿಸಲ್ಲ ಅಣ್ಣ. ಇನ್ನೂ ಹೊಸದು."

ಮಗಳು ತಡೆಯಲಿಲ್ಲ. ಬಿಗಿದಿದ್ದ ಮುಷ್ಟಿ ಬಿಚ್ಚಿ ಚಾಚಿದಳು. ಅಂಗೈಯಲ್ಲಿ ವಾಲ್ವು ಬೆವರಿಗೆ ಒದ್ದೆಯಾಗಿತ್ತು.

"ಸಿಸ್ಟರಿಗೆ ಕೊಡು," ಎಂದಳು ಟೈಲರಕ್ಕ. "ಅವಳ ಹತ್ರ ಸ್ಪೇರ್ ಖಾಲಿಯಾಗಿದೆ. ಮುಂದಿನ ಭಾನುವಾರ ಬೇಕಾಗುತ್ತೆ."