ಬಾಳೆದಿಂಡು ಕಳಿಸಿದ ಮಾಲೀಕರು

ನಾನು ಶಾಲೆ ಬಿಟ್ಟಿದ್ದು 1996ರಲ್ಲಿ, ಏಳನೇ ಕ್ಲಾಸಿಗೆ. ಅಂದಿನಿಂದ ಯಾರ ಹಂಗಿಗೂ ಬೀಳದೆ ದುಡಿದಿದ್ದೇನೆ. ಇಪ್ಪತ್ತು ವರ್ಷದಿಂದ ಶಿಕಾರಿಪುರ–ಸೊರಬ ಖಾಸಗಿ ಬಸ್ಸಿಗೆ ಡ್ರೈವರು. ಮೂತ್ರಕ್ಕೆಂದು ನಿಲ್ಲಿಸಿದರೆ ಹಿಂದಿನ ಬಸ್ಸು ಮುಂದೆ ಹೋಗಿ ನಮ್ಮ ಪ್ಯಾಸೆಂಜರುಗಳನ್ನು ಹತ್ತಿಸಿಕೊಳ್ಳುತ್ತದೆ. ಅದಕ್ಕೇ ಇಂಜಿನ್ನಿನ ಕಾವಿನಲ್ಲಿ ಬೆವರು ಸುರಿಯುತ್ತಿದ್ದರೂ ನಾವು ಡ್ರೈವರುಗಳು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ನೀರು ಕುಡಿಯುವವನನ್ನು ಹೆಂಗಸು ಎಂದು ಆಡಿಕೊಳ್ಳುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ನಾನೇ.

ಹೋದ ಬೇಸಿಗೆಯಲ್ಲಿ ಉಡುತಡಿ ಹತ್ತಿರ ಸೊಂಟದಲ್ಲಿ ಎದ್ದ ನೋವಿಗೆ ಬಸ್ಸು ಪಕ್ಕಕ್ಕೆ ಹಾಕಿ ಸ್ಟೀರಿಂಗ್ ಮೇಲೆ ಬಿದ್ದೆ. ಸ್ಕ್ಯಾನಿಂಗಿನಲ್ಲಿ ಕಿಡ್ನಿ ಕಲ್ಲು ಕಂಡಿತು. ನೀರು ಕುಡಿಯದೆ ದುಡಿದಿದ್ದೇ ಇದನ್ನು ತಂದಿದೆ ಎಂದರು ಡಾಕ್ಟರು.

ಬಸ್ಸಿನ ಮಾಲೀಕರನ್ನು ಕೇಳಿದೆ. "ಸಾಹುಕಾರ್ರೆ, ಸೊರಬದಾಗೆ ಐದ್ ನಿಮಿಷ ಜಾಸ್ತಿ ನಿಲ್ಲಿಸ್ತೀನ್ರೀ."

"ಟೈಮಿಂಗ್ ತಪ್ಪುತ್ತಲ್ಲೋ. ನಮ್ ತೋಟದಾಗೆ ಬಾಳೆದಿಂಡು ಐತೆ, ಕಳಿಸ್ತೀನಿ. ಪಲ್ಯ ಮಾಡಿಸ್ಕೊಂಡು ತಿನ್ನು, ಕಲ್ಲು ಕರಗ್ತದೆ."

ಮರುದಿನ ದಿಂಡು ಬಂದೇ ಬಂತು. ಇಪ್ಪತ್ತು ವರ್ಷದ ದುಡಿಮೆಗೆ ತೋಟದಲ್ಲಿ ಕಡಿದು ಬಿಸಾಡುವ ದಿಂಡು! ಅದನ್ನು ಅವರ ಆಫೀಸಿನ ಮೇಜಿನ ಮೇಲೆ ಇಟ್ಟು ಬಂದೆ. ಈಗ ಯಾರನ್ನೂ ಕೇಳದೆ ನಿಲ್ಲಿಸುತ್ತೇನೆ. ಹಿಂದಿನ ಬಸ್ಸು ದಾಟಿ ಹೋದರೆ ಹೋಗಲಿ.

ಸದ್ಯ ನನ್ನ ಎಡಗಡೆ ಎರಡು ಕಲ್ಲಿವೆ, ಬಲಗಡೆ ಒಂದು. ಸೀಟಿನ ಪಕ್ಕ ಮೂರು ಬಾಟಲಿ ನೀರಿದೆ.